ಅಂಬಲಿಗೆ ಬಿದ್ದ ಎಣ್ಣೆ

ಅಬ್ರಾನ್ ವಿಯಾಲ್ಪಾಂಡೋನ ಭುಜದ ನೋವು ಹೋದದ್ದು ಚಿಮಾಯೊ ಇಗರ್ಜಿಯ ಮಣ್ಣಿನಿಂದ ಎಂದು ಪ್ವೆಬ್ಲೊ ಊರಿನ ಅರ್ಧ ಜನ ನಂಬಿದ್ದರು. ಉಳಿದ ಅರ್ಧಕ್ಕೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮುಟ್ಟಿಸುವ ಹೊಣೆಯನ್ನು ಅವನ ಅಕ್ಕ ಕ್ಲೆಯೋಫಾಸ್ ಹೊತ್ತುಕೊಂಡಿದ್ದಳು. ಎಂಬತ್ತೊಂದು ವರ್ಷದ ಆ ಹೆಂಗಸಿಗೆ ಕಾಲು ಓಡದಿದ್ದರೂ ಫೋನು ಓಡುತ್ತಿತ್ತು. ಮಣ್ಣು ತಂದವಳೂ ಅವಳೇ. ಮೊಮ್ಮಗಳ ಕಾರಿನಲ್ಲಿ ರಾಜ್ಯದ ಗಡಿ ದಾಟಿ ನ್ಯೂ ಮೆಕ್ಸಿಕೋಗೆ ಹೋಗಿ, ಆ ಇಗರ್ಜಿಯ ನೆಲದ ಗುಂಡಿಯಿಂದ ಒಂದು ಹಿಡಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದು ತಮ್ಮನ ಮುಂದಿಟ್ಟು, "ಉಜ್ಜು" ಎಂದಿದ್ದಳು. ಅಬ್ರಾನ್ ಉಜ್ಜಿದ. ಆರನೆಯ ದಿನ, ಎರಡು ವರ್ಷದಿಂದ ಕಾಣದ ನಿದ್ದೆಯನ್ನು ಕಂಡ.

ನಿಜ ಗೊತ್ತಿದ್ದವಳು ಒಬ್ಬಳೇ, ಅವನ ಹೆಂಡತಿ ಒಡೇಲಿಯಾ. ಮಣ್ಣು ಮನೆಗೆ ಬಂದ ವಾರವೇ ಅವಳು ಗಂಡನ ಬೆಳಗಿನ ಅಂಬಲಿಗೆ ಗಾಂಜಾದ ಎಣ್ಣೆ ಬೆರೆಸಲು ಶುರುಮಾಡಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಹೇಳುವ ಹಾಗೂ ಇರಲಿಲ್ಲ. ಅಬ್ರಾನ್ ಮೂವತ್ತನಾಲ್ಕು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಗಾಂಜಾ ಸೇದಿ ಕ್ರೇನು ಹತ್ತಿದ್ದ ಒಬ್ಬನ ದೆಸೆಯಿಂದ ಅವನ ಜೊತೆಗಾರನ ಕೈ ಮೊಣಕೈವರೆಗೆ ಹೋಗಿತ್ತು. ಅಂದಿನಿಂದ ಆ ಸೊಪ್ಪಿನ ಹೆಸರೆತ್ತಿದರೆ ಅವನಿಗೆ ಮೈಯೆಲ್ಲ ಉರಿ. ಸರಕಾರವೇ ಅದನ್ನು ಅಂಗಡಿಯಲ್ಲಿಟ್ಟು ಮಾರಲು ಬಿಟ್ಟ ಮೇಲೂ, ಹೆದ್ದಾರಿಯ ಆ ಅಂಗಡಿಗಳ ಮುಂದೆ ಹಾದುಹೋಗುವಾಗ ಕಾರಿನ ಕಿಟಕಿ ಏರಿಸುತ್ತಿದ್ದ. ಜೊತೆಗಿದ್ದವರು ನಕ್ಕರೆ ಎರಡನೆಯ ಕಿಟಕಿಯನ್ನೂ ಏರಿಸುತ್ತಿದ್ದ.

ಒಡೇಲಿಯಾ ಬೆಳೆದ ಮನೆಯ ಲೆಕ್ಕವೇ ಬೇರೆ. ಅವಳ ತಾಯಿ ಒಂದು ದಿನವೂ ಪೂಜೆ ತಪ್ಪಿಸದ ಹೆಂಗಸು. ಆಕೆಯ ಮಂಚದ ಕೆಳಗೆ ಗಾಂಜಾ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿದ ಸೀಸೆ ಸದಾ ಇರುತ್ತಿತ್ತು. ಮಂಡಿಗೆ, ಸೊಂಟಕ್ಕೆ, ಬೆರಳ ಗೆಣ್ಣಿಗೆ ಅದನ್ನೇ ತಿಕ್ಕುತ್ತಿದ್ದರು. ಆ ಬೀದಿಯಲ್ಲಿ ಅಂಥ ಸೀಸೆ ಇಲ್ಲದ ಮನೆ ಇರಲಿಲ್ಲ, ಸೇದುವವನಿಗೆ ಹೆಣ್ಣು ಕೊಡುವ ಮನೆಯೂ ಇರಲಿಲ್ಲ. ಸೇದಿದರೆ ಚಟ, ತಿಕ್ಕಿದರೆ ಮದ್ದು. ಮದ್ದೆಂದರೂ ಡಾಕ್ಟರ ಮುಂದೆ ಹೆಸರಿಸುವಂಥದ್ದಲ್ಲ, ಪುದೀನ ಕಷಾಯದ ಸಾಲಿನದು. ಡಾಕ್ಟರು ಯಾವ ಔಷಧ ತಗೊಳ್ತೀರಿ ಎಂದು ಕೇಳಿದಾಗ ಪುದೀನದ ಹೆಸರನ್ನು ಯಾರು ಹೇಳುತ್ತಾರೆ? ಈ ತಿಳಿವಳಿಕೆಯೇ ಮುಂದೆ ಕುತ್ತಿಗೆಗೆ ಬಂತು.

ಗಂಡ ಕುರ್ಚಿಯಲ್ಲಿ ಕೂತೇ ಬೆಳಗು ಮಾಡುವುದನ್ನು ಎರಡು ಚಳಿಗಾಲ ನೋಡಿದ ಮೇಲೆ ಅವಳು ತಡೆಯಲಾರದೆ ಹೆದ್ದಾರಿಯ ಅಂಗಡಿಗೆ ಹೋದಳು. ತಾಯಿಯ ಹಾಗೆ ತಿಕ್ಕೋಣವೆಂದರೆ ವಾಸನೆಗೇ ಸಿಕ್ಕಿಬೀಳುತ್ತಿದ್ದಳು. ಹೊಟ್ಟೆಗೆ ಹಾಕುವಂಥದ್ದೇ ಬೇಕಿತ್ತು. ಬಾಗಿಲಲ್ಲಿ ಒಬ್ಬ ಅವಳ ಗುರುತಿನ ಚೀಟಿ ಕೇಳಿದ. ಎಪ್ಪತ್ತೆರಡು ವರ್ಷದವಳಿಗೆ ಇಪ್ಪತ್ತೊಂದು ತುಂಬಿದೆಯೋ ಎಂದು ಅವನು ಬಹಳ ಶ್ರದ್ಧೆಯಿಂದ ನೋಡಿದ.

ಕೌಂಟರಿನ ಹಿಂದಿದ್ದ ಹುಡುಗಿಯ ಹೆಸರು ಬ್ರಿಸೈದಾ. ಒಡೇಲಿಯಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಬಡಿಸಿದವಳಾದ್ದರಿಂದ ಊರಿನ ಎಷ್ಟೋ ಹೊಟ್ಟೆಗಳ ಪರಿಚಯ ಅವಳಿಗಿತ್ತು.

"ಅಜ್ಜೀ, ನೀವಾ! ನಂಗೆ ದಿನಾ ಎರಡೆರಡು ಬರೀಟೊ ಹಾಕ್ತಿದ್ರಲ್ಲ, ನೆನಪಿದ್ಯಾ?"

"ನೀನು ಕೇಳ್ತಿದ್ದೆ, ನಾನು ಹಾಕ್ತಿದ್ದೆ. ಈಗ ನಾನು ಕೇಳ್ತೀನಿ, ನೀನು ಕೊಡು. ಭುಜದ ನೋವಿಗೆ ಏನಾದ್ರೂ. ತಲೆ ತಿರುಗೋದು ಮಾತ್ರ ಬೇಡ."

"ಯಾರ ಭುಜ?"

"ಯಾರದು ಅಂದ್ರೆ? ನಂದೇ."

ಹುಡುಗಿ ಸಣ್ಣ ಸೀಸೆಯೊಂದನ್ನು ಮುಂದಿಟ್ಟಳು. ಅಮಲಿನ ಅಂಶವಿಲ್ಲದ, ಗಾಂಜಾ ಗಿಡದ್ದೇ ಎಣ್ಣೆ. ಮುಚ್ಚಳಕ್ಕೆ ಗೆರೆ ಹಾಕಿದ ಗಾಜಿನ ಕೊಳವೆ ಇತ್ತು.

"ಇಲ್ಲಿ ನೋಡಿ, ಒಳಗೆ ಏನೇನು ಎಷ್ಟೆಷ್ಟಿದೆ, ಯಾವತ್ತು ಪರೀಕ್ಷೆ ಮಾಡಿದ್ರು, ಎಲ್ಲಾ ಬರ್ದಿದೆ. ಇದಿಲ್ಲದ ಸೀಸೆನ ಪೆಟ್ರೋಲ್ ಬಂಕಲ್ಲಿ ಅಗ್ಗಕ್ಕೆ ಮಾರ್ತಾರೆ, ಮುಟ್ಟಬೇಡಿ. ಮೊದಲನೇ ಗೆರೆವರೆಗೂ ಅಷ್ಟೇ, ದಿನಕ್ಕೊಂದ್ಸಲ. ಎಷ್ಟು ತಗೊಂಡ್ರಿ, ಹೆಂಗಿತ್ತು, ಬರೆದಿಡಿ. ಕೆಲಸ ಮಾಡ್ಲಿಲ್ಲ ಅಂತ ಅವಸರಕ್ಕೆ ಏರಿಸ್ಬೇಡಿ. ಮತ್ತೆ ಅಜ್ಜೀ, ಬೇರೆ ಮಾತ್ರೆ ಏನಾದ್ರೂ ನಡೀತಿದ್ಯಾ? ಬಿಪಿಗೆ, ಹೃದಯಕ್ಕೆ, ರಕ್ತ ತೆಳು ಮಾಡೋಕೆ? ಇದ್ರೆ ಮೊದ್ಲು ಡಾಕ್ಟರನ್ನ ಕೇಳ್ಬೇಕು."

"ಈ ವಯಸ್ಸಿಗೆ ಒಂದು ಮಾತ್ರೆನೂ ಇಲ್ಲ ಕಣೇ ನಂಗೆ," ಎಂದಳು ಒಡೇಲಿಯಾ ಹೆಮ್ಮೆಯಿಂದ. ಅವಳು ಸುಳ್ಳು ಹೇಳಿದಳೆನ್ನುವಂತಿಲ್ಲ. ಗಂಡನ ಮೈಗೆ ಕೇಳಬೇಕಾದ ಪ್ರಶ್ನೆಗೆ ತನ್ನ ಮೈಯ ಉತ್ತರ ಕೊಟ್ಟಳು, ಅಷ್ಟೆ.

ಅಬ್ರಾನನ ಎದೆಯಲ್ಲಿ ಒಂಬತ್ತು ವರ್ಷದಿಂದ ಲೋಹದ ಕವಾಟವೊಂದಿತ್ತು. ರಾತ್ರಿ ಪಕ್ಕದಲ್ಲಿ ಮಲಗಿದರೆ ಅದರ ಟಿಕ್ ಟಿಕ್ ಅವಳಿಗೆ ಕೇಳುತ್ತಿತ್ತು. ಅದಕ್ಕೆ ರಕ್ತ ಹೆಪ್ಪುಗಟ್ಟದಿರಲೆಂದು ಅವನು ದಿನಾ ಸಂಜೆ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದ. ತಿಂಗಳಿಗೊಮ್ಮೆ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ನೋಡುತ್ತಿದ್ದರು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಅಂಕಿ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಇದೆಲ್ಲ ಒಡೇಲಿಯಾಗೆ ಬಾಯಿಪಾಠ. ಆದರೂ ಆ ಮಾತ್ರೆಗೂ ಈ ಸೊಪ್ಪಿನೆಣ್ಣೆಗೂ ನಂಟಿರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಒಂದು ಡಾಕ್ಟರದು, ಇನ್ನೊಂದು ಅಮ್ಮನದು.

ನೀಲಿ ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿ ಹಾಲಿನಲ್ಲಿ ಕುದಿಸಿ, ಮೇಲೊಂದು ತುಂಡು ಬೆಣ್ಣೆ ಹಾಕಿ, ಒಂದು ಗೆರೆ ಎಣ್ಣೆ ಬಿಟ್ಟು ಕದಡಿಕೊಟ್ಟಳು. ಅವನು ಬಟ್ಟಲು ನೆಕ್ಕಿದ. ಐದಾರು ದಿನ ಹೀಗೇ ನಡೆಯಿತು. ಅವನು ನಿದ್ದೆ ಮಾಡಿದ. ಬೆಳಗ್ಗೆ ಎದ್ದು ಕೈಯನ್ನು ತಲೆಯ ಮೇಲೆ ಎತ್ತಿ, "ನೋಡು ಮುದುಕಿ, ನೋಡು," ಎಂದ. ಎಪ್ಪತ್ತಾರು ವರ್ಷದ ಮುದುಕ ಶಾಲೆಯ ಹುಡುಗನ ಹಾಗೆ ಕೈಯೆತ್ತಿ ನಿಂತಿದ್ದು ನೋಡಿ ಅವಳ ಕಣ್ಣು ತುಂಬಿತು. ಅವನು ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ದೇವರಿಗೆ ಕೃತಜ್ಞತೆ ಹೇಳಿದ. ಅವಳೂ ಪಕ್ಕದಲ್ಲಿ ಮೊಣಕಾಲೂರಿ ಆಮೆನ್ ಎಂದಳು.

ಆಮೇಲೆ ಮಣ್ಣಿನ ಕಥೆಗೆ ಕಾಲು ಬಂತು. ಕ್ಲೆಯೋಫಾಸ್ ದಿನಾ ಫೋನು ಮಾಡಿ, "ನನ್ನ ಮಣ್ಣು ಹೇಗಿದೆ?" ಎಂದು ಅದನ್ನು ತಾನೇ ಸೃಷ್ಟಿಸಿದವಳ ಹಾಗೆ ವಿಚಾರಿಸುತ್ತಿದ್ದಳು. ಉಪವಾಸದ ಕಾಲದ ಕೊನೆಯ ಶುಕ್ರವಾರ ಇಗರ್ಜಿಯ ಸಭಾಭವನದಲ್ಲಿ ಊಟಕ್ಕೆ ಸೇರುವ ಜನರ ಮುಂದೆ ಅಬ್ರಾನ್ ನಾಲ್ಕು ಮಾತು ಸಾಕ್ಷಿ ಹೇಳಬೇಕೆಂದು ಫಾದರ್ ಗಿಲ್ ಕೇಳಿಕೊಂಡರು. ಅಬ್ರಾನ್ ಒಪ್ಪಿ, ಕಪ್ಪು ಕೋಟನ್ನು ಇಸ್ತ್ರಿಗೆ ಕೊಟ್ಟ.

ನಡುವೆ ಒಂದು ಚಳಿ ಬಿದ್ದ ದಿನ ಅವನ ಭುಜ ಮತ್ತೆ ಚಳಕ್ ಎಂದಿತು. ಮುಖ ಸಣ್ಣದಾಯಿತು. "ಮಣ್ಣಿನ ಮೇಲೆ ನಂಬಿಕೆ ಸಾಲದೇನೋ," ಎಂದ. ಒಡೇಲಿಯಾಗೆ ಅದು ಸಹಿಸಲಾಗಲಿಲ್ಲ. ಮರುದಿನ ಒಂದು ಗೆರೆ ಎರಡಾಯಿತು, ಮೂರು ದಿನದಲ್ಲಿ ಕೊಳವೆ ತುಂಬ. ನಾನೂರು ಮಕ್ಕಳ ಸಾರಿಗೆ ಕಣ್ಣಳತೆಯಲ್ಲೇ ಉಪ್ಪು ಹಾಕಿದ ಕೈ ಅದು, ಒಂದು ದಿನವೂ ತಪ್ಪಿದ್ದಿಲ್ಲ. ಬರೆದಿಡುವ ಮಾತು ಎಲ್ಲಿಂದ ಬರಬೇಕು?

ತಿಂಗಳ ಪರೀಕ್ಷೆಗೆ ಹೋದಾಗ ಅಂಕಿ ನಾಲ್ಕು ದಾಟಿತ್ತು. ನರ್ಸ್ ಟ್ವೈಲಾ ಹುಬ್ಬು ಗಂಟಿಕ್ಕಿದಳು. ಅಬ್ರಾನನ ಮುಂಗೈಯಲ್ಲಿ ನೇರಳೆ ಬಣ್ಣದ ಕಲೆಯೊಂದಿತ್ತು.

"ಹೊಸದೇನಾದ್ರೂ ತಗೊಳ್ತಿದೀರಾ, ವಿಯಾಲ್ಪಾಂಡೋ ಅವರೇ? ಮಾತ್ರೆ, ಕಷಾಯ, ನೋವಿನ ಗುಳಿಗೆ?"

"ಮಣ್ಣು," ಎಂದ ಅಬ್ರಾನ್.

"ತಿಂತೀರಾ?"

"ಹುಚ್ಚಾ ನಂಗೆ? ಹಚ್ಕೊಳ್ತೀನಿ."

ಟ್ವೈಲಾ ನಕ್ಕಳು. ಸೊಪ್ಪು ತರಕಾರಿ ಕಡಿಮೆಯಾಗಿರಬೇಕು ಎಂದುಕೊಂಡು ಮಾತ್ರೆಯನ್ನು ಸ್ವಲ್ಪ ಇಳಿಸಿದಳು. "ಮುಂದಿನ ಸೋಮವಾರ ತಪ್ಪದೆ ಬನ್ನಿ. ಅಂಕಿ ಏರಿದ್ರೆ ಒಳಗೊಳಗೇ ರಕ್ತ ಸುರಿಯುತ್ತೆ. ತೀರಾ ಇಳಿದ್ರೆ ಕವಾಟದಲ್ಲಿ ಹೆಪ್ಪುಗಟ್ಟಿ ಮಿದುಳಿಗೆ ಹೋಗುತ್ತೆ. ಎರಡೂ ಬೇಡ ನಮ್ಗೆ."

ಒಡೇಲಿಯಾ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಮನೆಗೆ ಬಂದವಳೇ ಸಕ್ಕರೆ ಡಬ್ಬದ ಹಿಂದಿನಿಂದ ಸೀಸೆ ತೆಗೆದು, ಭೂತಗನ್ನಡಿ ಹಿಡಿದು, ಚೀಟಿಯ ಇರುವೆಯಂಥ ಅಕ್ಷರಗಳನ್ನು ಮೊದಲ ಸಲ ಓದಿದಳು. ರಕ್ತ ತೆಳು ಮಾಡುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು ಎಂದಿತ್ತು. ಬ್ರಿಸೈದಾ ಬಾಯಿಬಿಟ್ಟು ಹೇಳಿದ್ದೂ ಅದನ್ನೇ. ಆಗ ಕಿವಿಗೆ ಬಿದ್ದದ್ದು ಈಗ ತಲೆಗೆ ಹೋಯಿತು.

ಎಣ್ಣೆಯನ್ನು ತೆಪ್ಪಗೆ ನಿಲ್ಲಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಮೊದಲು ಅನ್ನಿಸಿತು. ಆದರೆ ಟ್ವೈಲಾ ಮಾತ್ರೆ ಇಳಿಸಿದ್ದಾಳೆ. ಈಗ ಎಣ್ಣೆಯೂ ನಿಂತರೆ ರಕ್ತ ಹೆಪ್ಪುಗಟ್ಟಿ ಅವನಿಗೆ ಲಕ್ವ ಹೊಡೆಯಬಹುದು. ನಿಲ್ಲಿಸದಿದ್ದರೆ ರಕ್ತ ಸುರಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಹೇಳಿಬಿಡೋಣವೆಂದರೆ ಕೋಟು ಇಸ್ತ್ರಿಯಾಗಿ ಬಂದು ಗೋಡೆಯಲ್ಲಿ ತೂಗುತ್ತಿದೆ, ಅವನು ಕೈಯೆತ್ತಿ "ನೋಡು ಮುದುಕಿ" ಎನ್ನುತ್ತಿದ್ದಾನೆ. ಅವನ ಕೈಯಿಂದ ದೇವರನ್ನು ಕಿತ್ತುಕೊಂಡು ಅಲ್ಲಿ ಗಾಂಜಾ ಇಡಬೇಕು. ಅವಳಿಂದ ಆಗಲಿಲ್ಲ. ಏನೂ ತೀರ್ಮಾನಿಸದೆ ಎಂದಿನಂತೆ ಕದಡಿಕೊಡುತ್ತ ಹೋದಳು. ಪುಕ್ಕಲರು ಮಾಡುವುದೇ ಹೀಗೆ, ಏನೂ ಮಾಡದೆ ಇರುವುದನ್ನು ತಾಳ್ಮೆ ಎಂದುಕೊಳ್ಳುತ್ತಾರೆ.

ಸೋಮವಾರ ಬೆಳಗ್ಗೆ ಮುಖ ತೊಳೆಯುವಾಗ ಅಬ್ರಾನನ ಮೂಗಿನಿಂದ ರಕ್ತ ಬಂತು. ಇಪ್ಪತ್ತು ನಿಮಿಷವಾದರೂ ನಿಲ್ಲಲಿಲ್ಲ. ತೊಟ್ಟಿಯಲ್ಲಿ ಕೆಂಪು ನೀರು ಹರಿಯುವುದನ್ನು ಇಬ್ಬರೂ ನೋಡುತ್ತ ನಿಂತರು. "ಒಣ ಗಾಳಿ," ಎಂದ ಅವನು. ಒಡೇಲಿಯಾ ಆ ದಿನ ಅಂಬಲಿ ಕಾಯಿಸಲಿಲ್ಲ. ಸೀಸೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಹೇಳುತ್ತೇನೆಂದಲ್ಲ, ಮನೆಯಲ್ಲಿ ಬಿಟ್ಟು ಹೋಗಲು ಧೈರ್ಯ ಬರಲಿಲ್ಲ.

ಅಂಕಿ ಐದು ಮುಕ್ಕಾಲಿತ್ತು. ಟ್ವೈಲಾ ಇನ್ನೊಂದು ಬೆರಳು ಚುಚ್ಚಿ ನೋಡಿದಳು. ಅದೇ ಬಂತು. ಈ ಸಲ ಅವಳು ನಗಲಿಲ್ಲ.

"ಮಾತ್ರೆ ಇಳಿಸಿದ ಮೇಲೂ ಏರಿದೆ. ನೀವು ಹೊಸದೇನೂ ತಗೊಳ್ತಿಲ್ಲ ಅಂತೀರಿ. ಹಾಗಾದ್ರೆ ಲಿವರಲ್ಲೇ ಏನೋ ಇರ್ಬೇಕು. ಡಾಕ್ಟರ್ ಇವತ್ತೇ ಸ್ಕ್ಯಾನ್ ಮಾಡ್ಸಿ ಅಂತಾರೆ. ಗಾಬರಿ ಆಗ್ಬೇಡಿ."

ಗಾಬರಿಯಾಗಬೇಡಿ ಎಂದ ಕೂಡಲೇ ಅಬ್ರಾನ್ ಗಾಬರಿಯಾದ. ಅವನ ಅಣ್ಣ ಹೋಗಿದ್ದು ಲಿವರಿನಿಂದಲೇ. ಅವನು ಹೆಂಡತಿಯ ಕಡೆ ತಿರುಗಿ, ತೀರಾ ಮೆಲ್ಲನೆ, "ಶುಕ್ರವಾರದವರೆಗಾದ್ರೂ ಬಿಡ್ತಾರಾ?" ಎಂದು ಕೇಳಿದ.

"ಲಿವರ್ ಅಲ್ಲ ಮಗಳೇ," ಎಂದಳು ಒಡೇಲಿಯಾ. "ಮಣ್ಣೂ ಅಲ್ಲ. ನಾನು."

ಕರವಸ್ತ್ರ ಬಿಚ್ಚಿ ಸೀಸೆಯನ್ನು ಮೇಜಿನ ಮೇಲಿಟ್ಟಳು. ಅದರ ಮೇಲೆ ಹಸಿರು ಎಲೆಯ ಚಿತ್ರವಿತ್ತು. ಏಳು ಬೆರಳಿನ ಆ ಎಲೆ ಅಬ್ರಾನನಿಗೆ ಗೊತ್ತಿಲ್ಲದ್ದೇನಲ್ಲ. ಟ್ವೈಲಾ ಒಂದೊಂದಾಗಿ ಕೇಳಿದಳು: ಎಂದಿನಿಂದ, ಎಷ್ಟು ಗೆರೆ, ಎಷ್ಟು ಹೊತ್ತಿಗೆ, ಯಾವುದರ ಜೊತೆ. ಒಡೇಲಿಯಾ ಒಂದೊಂದಕ್ಕೂ ಉತ್ತರ ಕೊಟ್ಟಳು. ಗಂಡನ ಕಡೆ ನೋಡಲಿಲ್ಲ.

"ಇದು ವಿಷ ಅಲ್ಲ," ಎಂದಳು ಟ್ವೈಲಾ ಕೊನೆಗೆ. "ಆದ್ರೆ ಇದೂ ನಿಮ್ಮ ಮಾತ್ರೆನೂ ಲಿವರಲ್ಲಿ ಒಂದೇ ಬಾಗಿಲಿಂದ ಹೊರಗೆ ಹೋಗ್ಬೇಕು. ಇದು ಬಾಗಿಲಿಗೆ ಅಡ್ಡ ನಿಂತ್ರೆ ಮಾತ್ರೆ ಒಳಗೇ ಉಳಿಯುತ್ತೆ. ಅಜ್ಜಿ ಬೆಣ್ಣೆ ಬೇರೆ ಹಾಕಿದಾರೆ, ಎಣ್ಣೆ ಮೈಗೆ ಇನ್ನೂ ಚೆನ್ನಾಗಿ ಹಿಡಿದಿದೆ. ನಿಮ್ಗೆ ಇದು ಬೇಕೇಬೇಕು ಅಂದ್ರೆ ಡಾಕ್ಟರಿಗೆ ಹೇಳಿ, ವಾರ ವಾರ ಅಂಕಿ ನೋಡ್ಕೊಂಡು ಮಾತ್ರೆ ಹೊಂದಿಸ್ಬಹುದು. ಎಷ್ಟೋ ಜನ ಹಾಗೆ ಮಾಡ್ತಾರೆ. ಕದ್ದು ಮಾತ್ರ ಬೇಡ."

ಡಾಕ್ಟರು ಬಂದು ಎರಡು ದಿನ ಮಾತ್ರೆ ನಿಲ್ಲಿಸಿ, ಎಣ್ಣೆ ಬಿಡಿಸಿ, ಗುರುವಾರ ಮತ್ತೆ ಬರಲು ಹೇಳಿದರು. ಸ್ಕ್ಯಾನಿನ ಮಾತು ಹೋಯಿತು. ಅಬ್ರಾನ್ ಎಲ್ಲದಕ್ಕೂ ತಲೆಯಾಡಿಸಿದ.

ಕಾರು ಮನೆ ಮುಂದೆ ನಿಂತ ಮೇಲೂ ಅವನು ಇಳಿಯಲಿಲ್ಲ. ಎರಡೂ ಕೈ ಚಕ್ರದ ಮೇಲಿತ್ತು.

"ಇಪ್ಪತ್ತೆಂಟು ದಿನ ನಾನು ದೇವರಿಗೆ ಕೈಮುಗಿದೆ," ಎಂದ. "ನೀನು ಪಕ್ಕದಲ್ಲೇ ಕೂತು ಆಮೆನ್ ಅಂದೆ."

ಅದಾದ ಮೇಲೆ ಅವನು ಮಾತಾಡಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಒಂದು ಮಾತಿಲ್ಲ. ಅವಳು ಮಾಡಿಟ್ಟದ್ದನ್ನು ಮುಟ್ಟಲಿಲ್ಲ, ತಾನೇ ಡಬ್ಬಿಯ ಹುರುಳಿಕಾಳು ಬಿಸಿಮಾಡಿಕೊಂಡು ತಿಂದ. ಒಲೆಯ ಮುಂದೆ ಅವನು ಬೆನ್ನು ಹಾಕಿ ನಿಂತಿರುವುದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಗಿತ್ತು. ನಲವತ್ತೆಂಟು ವರ್ಷ ಅವಳ ಕೈಯಡುಗೆಯನ್ನು ಮೂಸಿಯೂ ನೋಡದೆ ಉಂಡವನು. ಗುರುವಾರದ ಅಂಕಿ ಮೂರೂವರೆಗೆ ಇಳಿದಿತ್ತು. ಭುಜದ ನೋವು ಮಾತ್ರ ತನ್ನ ಜಾಗಕ್ಕೆ ಮರಳಿತ್ತು, ಅವನು ಮತ್ತೆ ಕುರ್ಚಿ ಸೇರಿದ.

ಶುಕ್ರವಾರ ಸಂಜೆ ಅವನು ಕಪ್ಪು ಕೋಟು ಹಾಕಿಕೊಂಡ. ಎಡತೋಳು ಏರದೆ ಒದ್ದಾಡಿದ, ಅವಳು ಹತ್ತಿರ ಹೋದರೆ ಸರಿದು ನಿಂತ. ಇವತ್ತು ಊರ ಮುಂದೆ ತನ್ನ ಮಾನ ಹೋಗುತ್ತದೆ ಎಂದು ಒಡೇಲಿಯಾಗೆ ಖಾತ್ರಿಯಾಯಿತು. ಹೋಗಲಿ, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಹೊರಟಳು.

ಸಭಾಭವನದಲ್ಲಿ ಉದ್ದ ಮೇಜುಗಳ ಮೇಲೆ ಬೇಳೆ ಸಾರು, ರೊಟ್ಟಿ, ಕೆಂಪು ಮೆಣಸಿನ ಗೊಜ್ಜಿನಲ್ಲಿ ಮುಳುಗಿದ ಮೊಟ್ಟೆಯ ವಡೆ. ಕ್ಲೆಯೋಫಾಸ್ ಮೊದಲ ಸಾಲಿನಲ್ಲಿ ಹೊಸ ಶಾಲು ಹೊದ್ದು ಕೂತಿದ್ದಳು. ಫಾದರ್ ಗಿಲ್ ಹೆಸರು ಕರೆದರು. ಅಬ್ರಾನ್ ಎದ್ದು ನಿಂತ.

"ಮಣ್ಣಿನ ವಿಷಯ ಹೇಳ್ತೀನಿ ಅಂತ ಬಂದಿದೀರಿ," ಎಂದ. "ಮಣ್ಣಲ್ಲ. ಹೆದ್ದಾರಿ ಅಂಗಡಿಗೆ ಹೋಗಿ ಗಾಂಜಾ ಎಣ್ಣೆ ತಂದೆ. ಹೆಂಡ್ತಿಗೆ ಹೇಳ್ಲಿಲ್ಲ, ನರ್ಸಿಗೂ ಹೇಳ್ಲಿಲ್ಲ, ಕದ್ದು ಕುಡಿದೆ. ನಾನು ನುಂಗೋ ಮಾತ್ರೆಗೂ ಅದಕ್ಕೂ ಆಗ್ಬರಲ್ವಂತೆ. ರಕ್ತ ನೀರಾಯ್ತು. ಇನ್ನೊಂದು ವಾರ ಆಗಿದ್ರೆ ನೀವೆಲ್ಲ ನನ್ನ ಪೆಟ್ಟಿಗೆ ಹಿಂದೆ ಬರ್ತಿದ್ರಿ. ನಿಮ್ಮಲ್ಲಿ ಯಾರಾದ್ರೂ ಹಂಗೆ ಮಾಡ್ತಿದ್ರೆ ಸೋಮವಾರ ಹೋಗಿ ಹೇಳ್ಬಿಡಿ. ಅಷ್ಟೇ."

ಹಿಂದಿನ ಮೇಜಿನಿಂದ ಕಾರ್ಖಾನೆಯ ಹಳೆಯ ಗೆಳೆಯನೊಬ್ಬ, "ಏನಪ್ಪಾ ಸನ್ಯಾಸಿ, ಕಿಟಕಿ ಏರಿಸ್ತಿದ್ದೋನು ನೀನೇ ತಾನೇ?" ಎಂದು ಕೂಗಿದ. ಭವನ ನಕ್ಕಿತು. ಕ್ಲೆಯೋಫಾಸ್ ಶಾಲನ್ನು ಮುಖಕ್ಕೆಳೆದುಕೊಂಡಳು. ಅಬ್ರಾನನ ಕಿವಿ ಕೆಂಪಾಯಿತು. ಅವನು ಕೂತು, ಸಾರಿನ ಬಟ್ಟಲನ್ನೇ ನೋಡಿದ.

ಒಡೇಲಿಯಾಗೆ ಅರ್ಥವಾಯಿತು. ಇಗರ್ಜಿಯ ಸೂರಿನಡಿ ಒಂದು ಸುಳ್ಳಾಡದ ಮನುಷ್ಯ ಇವತ್ತು ಊರಿಗೆಲ್ಲ ಕೇಳುವಂತೆ ಸುಳ್ಳು ಹೇಳಿದ್ದ. ಅದೂ ಯಾವ ಹೆಸರನ್ನು ಮೂವತ್ತನಾಲ್ಕು ವರ್ಷ ಕಾಪಾಡಿಕೊಂಡು ಬಂದಿದ್ದನೋ ಆ ಹೆಸರನ್ನು ಕೊಟ್ಟು. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಾಗಿತ್ತು. ಅವಳು ಸುಮ್ಮನಿದ್ದದ್ದರಿಂದಲೇ ಅವನು ಸಾಯುವುದರಲ್ಲಿದ್ದ.

ಅವಳು ಮೇಜು ಹಿಡಿದುಕೊಂಡು ಎದ್ದಳು.

"ಸುಳ್ಳು," ಎಂದಳು. "ಈ ಮುದುಕ ಸುಳ್ಳು ಹೇಳ್ತಿದ್ದಾನೆ. ತಂದೋಳು ನಾನು, ಬೆರೆಸ್ದೋಳೂ ನಾನು. ಅವನಿಗೆ ಗೊತ್ತೇ ಇರ್ಲಿಲ್ಲ. ಅಂಗಡಿ ಹುಡುಗಿ ಕೇಳಿದ್ಳು, ಬೇರೆ ಮಾತ್ರೆ ಇದ್ಯಾ ಅಂತ. ಇಲ್ಲ ಅಂದೆ. ಒಂದು ಗೆರೆ ಸಾಕು ಅಂದ್ಳು, ಕೊಳವೆ ತುಂಬ ಹಾಕ್ದೆ. ನಮ್ಮಮ್ಮನ ಸೀಸೆ ಇದ್ದಂಗೆ ಇದೂ ಅಂದ್ಕೊಂಡೆ. ನಿಮ್ಮ ಮನೇಲೂ ಆ ಸೀಸೆ ಇತ್ತು, ನಂಗೊತ್ತು, ನೀವೂ ಹಂಗೇ ಅಂದ್ಕೊಂಡಿರ್ತೀರಿ. ಯಾರ ಮೈಗೆ ಹಾಕ್ತೀರೋ ಅವ್ರನ್ನ ಕೇಳಿ ಹಾಕಿ. ನಾನು ಕೇಳ್ಲಿಲ್ಲ. ಅವನು ಬೇಡ ಅಂತಾನೆ ಅಂತ ಕೇಳ್ಲಿಲ್ಲ."

ಯಾರೂ ನಗಲಿಲ್ಲ. ಎಲ್ಲಿಂದಲೋ ಒಬ್ಬ ಮುದುಕಿ ಸಣ್ಣ ದನಿಯಲ್ಲಿ, "ಬಿಪಿ ಮಾತ್ರೆಗೂ ಆಗ್ಬರಲ್ವಾ, ಒಡೇಲಿಯಾ? ನಂಗಲ್ಲ, ಪಕ್ಕದ ಮನೆಯೋಳಿಗೆ," ಎಂದು ಕೇಳಿದಳು. ಅವಳ ಹಿಂದೆ ಇನ್ನೂ ಇಬ್ಬರು ಪಕ್ಕದ ಮನೆಯವರಿಗಾಗಿ ಕತ್ತು ಚಾಚಿದರು.

"ನಂಗೊತ್ತಿಲ್ಲ," ಎಂದಳು ಒಡೇಲಿಯಾ. "ಟ್ವೈಲಾನ ಕೇಳಿ. ನನ್ನನ್ನ ಮಾತ್ರ ಕೇಳ್ಬೇಡಿ."

ಅವಳ ತೋಳನ್ನು ಯಾರೋ ಎಳೆದರು. ಅಬ್ರಾನ್.

"ಕೂತ್ಕೊಳೇ ಮುದುಕಿ," ಎಂದ. "ಸಾರು ಆರ್ತಿದೆ."

ಐದು ದಿನದಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು ಕೂತಳು. ಅಳು ಬಂತು, ತಡೆಯಲಿಲ್ಲ. ಅವನು ತನ್ನ ರೊಟ್ಟಿಯನ್ನು ನೋವಿಲ್ಲದ ಕೈಯಿಂದ ಮುರಿದು, ದೊಡ್ಡ ತುಂಡನ್ನು ಅವಳ ತಟ್ಟೆಗೆ ಹಾಕಿದ.

"ತಿನ್ನು," ಎಂದ. "ಇದರಲ್ಲಿ ಏನೂ ಬೆರೆಸಿಲ್ಲ."